ಹೊಸಿಲಿಲ್ಲದ ಜಾಗ

ಆ ಸಹಿಯನ್ನು ಪದ್ಮಶ್ರೀ ಒಂದು ವಾರದಿಂದ ದ್ವೇಷಿಸುತ್ತಿದ್ದಳು. ಸಹಿ ಹಾಕಿದ ಮನುಷ್ಯನನ್ನು ಮಾತ್ರ ಅವಳು ಇನ್ನೂ ನೋಡಿರಲಿಲ್ಲ.

ಇಪ್ಪತ್ತೇಳು ಹೆಸರುಗಳ ಮೇಲೆ ಇಪ್ಪತ್ತೇಳು ಕೆಂಪು ಗೆರೆ. ಸ್ಕೇಲ್ ಇಟ್ಟು ಎಳೆದ ನೇರ ಗೆರೆಗಳು. ಪ್ರತಿ ಗೆರೆಯ ಪಕ್ಕ ‘ಗೈರುಹಾಜರು’ ಎಂಬ ಒಂದೇ ಪದ. ಹಾಳೆಯ ಕೊನೆಯಲ್ಲಿ ‘ಶ್ರೀಹರಿ’ ಎಂಬ ದುಂಡನೆಯ ಸಹಿ. ಇಷ್ಟು ಅಚ್ಚುಕಟ್ಟಾಗಿ ಅನ್ಯಾಯ ಮಾಡುವವನ ಮುಖ ಹೇಗಿರಬಹುದು... ಬಸ್ಸಿನಲ್ಲಿ ನಿಂತೇ ಅವಳು ಆ ಮುಖವನ್ನು ಕಲ್ಪಿಸಿಕೊಂಡು ಬೈದುಕೊಂಡಳು.

ಅದು 2006ರ ಜುಲೈ ಹದಿನಾಲ್ಕು, ಶುಕ್ರವಾರ. ಇಂದಿರಾನಗರದ ಒಂದು ಹಳೆಯ ಬಂಗಲೆಯಲ್ಲಿ ಆ ವಿಮಾ ಕಚೇರಿ ಇತ್ತು. ಬಂಗಲೆ ಆಫೀಸಾದರೂ ತಲೆಬಾಗಿಲಿನ ಮರದ ಹೊಸಿಲು ಹಾಗೇ ಉಳಿದಿತ್ತು. ಮ್ಯಾನೇಜರ್ ಶ್ರೀನಾಥ್ ದೈವಭಕ್ತರು. ಪ್ರತಿ ಶುಕ್ರವಾರ ಜವಾನನಿಂದ ಹೊಸಿಲಿಗೆ ಅರಿಶಿನ ಬಳಿಸಿ, ಕುಂಕುಮ ಇಡಿಸಿ, ಬಾಗಿಲಿಗೆ ಹೊಸ ನಿಂಬೆಹಣ್ಣು ಕಟ್ಟಿಸುತ್ತಿದ್ದರು.

ಪದ್ಮಶ್ರೀ ಆ ಹೊಸಿಲು ದಾಟಿ ಸೀದಾ ಕೌಂಟರಿಗೆ ಹೋಗಿ ಪಟ್ಟಿಯನ್ನು ಮುಂದೆ ಒಗೆದಳು.

“ಇದಕ್ಕೆ ಸಹಿ ಹಾಕಿದೋರು ಯಾರು?”

ಕೌಂಟರಿನ ಆಚೆ ಕೂತಿದ್ದ ತೆಳ್ಳನೆಯ ಯುವಕ ತಲೆ ಎತ್ತಿದ. ಇಪ್ಪತ್ತೊಂಬತ್ತು ಮೂವತ್ತರ ವಯಸ್ಸು. ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು.

“ನಾನೇ ಮೇಡಂ. ಕೂತ್ಕೊಳ್ಳಿ.”

“ಕೂತ್ಕೊಳ್ಳೋಕೆ ಬಂದಿಲ್ಲ. ಹಲಸೂರಿನ ಸಂಘದಿಂದ ಬಂದಿದ್ದೀನಿ. ಕೆ.ಆರ್. ಪುರದ ಹಳೇ ಊರಿನ ಕಾರ್ಡುಗಳೆಲ್ಲ ನನ್ನ ಜವಾಬ್ದಾರಿ.”

ಅವಳ ಕೆಲಸವೇ ಅದು. ಬಡವರ ಮನೆಗಳಿಗೆ ಸರ್ಕಾರ ಒಂದು ಆರೋಗ್ಯ ವಿಮೆಯ ಕಾರ್ಡು ಕೊಡುತ್ತಿತ್ತು. ಕಾರ್ಡಿದ್ದರೆ ಆಪರೇಷನ್ ಉಚಿತ. ಆದರೆ ಅದರ ಆಯುಷ್ಯ ಒಂದೇ ವರ್ಷ. ಪ್ರತಿ ಜುಲೈನಲ್ಲಿ ಮನೆಯವರೆಲ್ಲ ಕ್ಯಾಂಪಿಗೆ ಬಂದು, ಒಟ್ಟಿಗೆ ನಿಂತು ಹೊಸ ಫೋಟೋ ತೆಗೆಸಿಕೊಂಡರೆ ಮಾತ್ರ ಕಾರ್ಡಿಗೆ ಮತ್ತೆ ಜೀವ ಬರುತ್ತಿತ್ತು. ಮನೆಮನೆ ಬಾಗಿಲು ಬಡಿದು, ಜ್ಞಾಪಿಸಿ, ಗದರಿಸಿ, ಜನರನ್ನು ಆ ಕ್ಯಾಂಪಿಗೆ ಹೊರಡಿಸುವವಳು ಪದ್ಮಶ್ರೀ. ಮೂರು ವರ್ಷದಲ್ಲಿ ಅವಳ ಮೂರು ಜೊತೆ ಚಪ್ಪಲಿ ಸವೆದಿದ್ದವು.

“ಕ್ಯಾಂಪ್ ದಿನ ಫೋಟೋದಲ್ಲಿ ಇಲ್ಲದೋರ ಹೆಸರು ತೆಗೀಬೇಕು ಅಂತ ರೂಲ್ ಇದೆ ಮೇಡಂ,” ಎಂದ ಶ್ರೀಹರಿ ಮೆಲ್ಲಗೆ. “ಈ ಇಪ್ಪತ್ತೇಳು ಜನ ಬಂದಿರ್ಲಿಲ್ಲ.”

“ಯಾಕೆ ಬಂದಿರ್ಲಿಲ್ಲ ಅಂತ ಕೇಳಿದ್ರಾ?”

“ಫಾರಂನಲ್ಲಿ ಕಾರಣಕ್ಕೆ ಜಾಗ ಇಲ್ಲ.”

“ಜಾಗ ಇಲ್ಲ...” ಪದ್ಮಶ್ರೀಯ ಮೂಗಿನ ತುದಿ ಕೆಂಪಾಯಿತು. “ಹಾಗಾದ್ರೆ ನಾನು ಹೇಳ್ತೀನಿ ಕೇಳಿ. ಇವರೆಲ್ಲ ಈ ಒಂದು ವರ್ಷದೊಳಗೆ ಮದುವೆಯಾಗಿ ಬಂದ ಹೊಸ ಸೊಸೆಯಂದಿರು. ನೀವು ಕ್ಯಾಂಪ್ ಇಟ್ಟಿದ್ದು ಜುಲೈ ಎರಡನೇ ತಾರೀಕು. ಆಷಾಢದಲ್ಲಿ. ಹೊಸ ಸೊಸೆ ಗಂಡನ ಮನೇಲಿ ಇರಬಾರದು ಅಂತ ತವರಿಗೆ ಕಳಿಸೋ ತಿಂಗಳಲ್ಲಿ. ಆ ತಿಂಗಳೇ ಹುಡುಕಿ ಕ್ಯಾಂಪ್ ಇಟ್ಟು, ಮನೇಲಿಲ್ಲ ಅಂತ ಗೆರೆ ಎಳೆದಿದ್ದೀರಲ್ಲ... ಸಾರ್, ನಿಮ್ಮ ಮನೆಗೆ ಆಷಾಢ ಬರೋದೇ ಇಲ್ವಾ?”

ಶ್ರೀಹರಿಯ ಕಣ್ಣು ಮೇಜಿನ ಕೆಳಗೆ ಹೋಯಿತು.

ಬರುತ್ತಿತ್ತು. ಅವನ ಮನೆಗೂ ಆಷಾಢ ಬಂದಿತ್ತು. ಫೆಬ್ರವರಿಯಲ್ಲಿ ಮದುವೆಯಾದ ತಂಗಿ ರಂಜನಾ ಅದೇ ಕಾರಣಕ್ಕೆ ತವರಿಗೆ ಬಂದು, ಆ ಬೆಳಿಗ್ಗೆ ಅವನಿಗೆ ಅಕ್ಕಿರೊಟ್ಟಿ ತಟ್ಟಿ ಡಬ್ಬಿ ಕಟ್ಟಿಕೊಟ್ಟಿದ್ದಳು. ಆ ಡಬ್ಬಿ ಅವನ ಮೇಜಿನ ಕೆಳಗೇ ಇತ್ತು. ತಂಗಿ ಮಾಡಿದ ರೊಟ್ಟಿ ತಿಂದು, ಕೈ ತೊಳೆದು, ಇಪ್ಪತ್ತೇಳು ರಂಜನಾಗಳನ್ನು ಅವನು ಗೆರೆ ಎಳೆದು ಹಾಕಿದ್ದ!

“ನನಗೆ... ಹೊಳೀಲಿಲ್ಲ,” ಎಂದ.

“ನಿಮಗೆ ಹೊಳೀಲಿಲ್ಲ ಅಂತ ಇಲ್ಲಿ ಒಂದು ಜೀವ ಹೋಗತ್ತೆ.”

ಅವನು ಪಟ್ಟಿಯನ್ನು ತಿರುಗಿಸಿ ನೋಡಿದ. “ಇಪ್ಪತ್ತನಾಲ್ಕನೇ ತಾರೀಕಿನ ಒಳಗೆ ಹೊಸ ಫೋಟೋ ತನ್ನಿ. ಮನೆಯವರೆಲ್ಲ ಇರೋ ಫೋಟೋ. ನಾನೇ ಹೆಸರು ವಾಪಸ್ ಸೇರಿಸ್ತೀನಿ.”

“ಆಷಾಢ ಮುಗಿಯೋದು ಇಪ್ಪತ್ತೈದಕ್ಕೆ.”

“ಒಂದೇ ದಿನ...” ಅವನ ದನಿ ಕುಗ್ಗಿತು. “ಆದ್ರೆ ತಾರೀಕು ನನ್ನ ಕೈಲಿಲ್ಲ.”

“ಕೆಂಪು ಪೆನ್ನು ಮಾತ್ರ ಇದೆ ಅಲ್ವಾ?”

ಅಷ್ಟು ಹೇಳಿ ಅವಳು ಹೊರಟೇಬಿಟ್ಟಳು. ಶ್ರೀಹರಿ ಮಧ್ಯಾಹ್ನ ಡಬ್ಬಿ ತೆರೆಯಲೇ ಇಲ್ಲ.

* * *

ಆ ಒಂದು ಜೀವದ ಹೆಸರು ಧನಲಕ್ಷ್ಮಿ. ಇಪ್ಪತ್ತರ ಹುಡುಗಿ, ದೊಡ್ಡಮುನಿಯಮ್ಮನ ಸೊಸೆ.

ದೊಡ್ಡಮುನಿಯಮ್ಮನ ಮನೆತನ ಒಂದು ಕಾಲಕ್ಕೆ ಕೆ.ಆರ್. ಪುರದ ಬಯಲಲ್ಲಿ ಕನಕಾಂಬರ ಬೆಳೆಯುತ್ತಿತ್ತು. ಹೊಲವೆಲ್ಲ ಲೇಔಟಾಗಿ ಬೇರೆಯವರ ಪಾಲಾದ ಮೇಲೆ ಉಳಿದದ್ದು ಎರಡು ಕೋಣೆಯ ಮನೆ, ಗೂಡ್ಸ್ ಆಟೋ ಓಡಿಸುವ ಮಗ ಪ್ರೇಮ್‌ಕುಮಾರ್, ಮತ್ತೆ ಈ ಸೊಸೆ. ನಗುನಗುತ್ತ ಬಂದ ಸೊಸೆಗೆ ಎರಡು ಬಿಂದಿಗೆ ನೀರು ಹೊತ್ತರೆ ಏದುಸಿರು. ಪದ್ಮಶ್ರೀಯೇ ಅವಳ ಹೆಸರನ್ನು ಗಂಡನ ಮನೆಯ ಕಾರ್ಡಿಗೆ ಸೇರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಜುಲೈ ಹತ್ತಕ್ಕೆ ದಿನವನ್ನೂ ಕೊಟ್ಟರು.

“ಆಷಾಢದಾಗೆ ಕತ್ತಿ ತಾಗಿಸ್ತಾರೇನಮ್ಮ ಮೈಗೆ? ಸ್ರಾವಣ ಬರ್ಲಿ,” ಎಂದು ಹಟ ಹಿಡಿದವಳು ದೊಡ್ಡಮುನಿಯಮ್ಮ.

ಡಾಕ್ಟರು ಮುಖ ಗಂಟಿಕ್ಕಿ ಆಗಸ್ಟ್ ಒಂಬತ್ತು ಎಂದು ಬರೆದುಕೊಟ್ಟರು. ಅದಕ್ಕಿಂತ ಒಂದು ದಿನವೂ ಮುಂದೆ ಹಾಕಬೇಡಿ ಎಂದು ಎರಡು ಸಲ ಹೇಳಿದರು. ಆಗ ಕಾರ್ಡಿನ ವರ್ಷ ಮುಗಿದಿರುತ್ತದಲ್ಲ ಎಂದು ಪ್ರೇಮ್‌ಕುಮಾರ್ ಅನುಮಾನಿಸಿದಾಗ, “ಕಾರ್ಡು ನಾನು ರಿನ್ಯೂ ಮಾಡಿಸ್ತೀನಿ, ನೀನು ಧೈರ್ಯವಾಗಿರು,” ಎಂದು ಮಾತು ಕೊಟ್ಟವಳು ಪದ್ಮಶ್ರೀ.

ನಾನೇ ತಾನೇ ಧೈರ್ಯ ಹೇಳಿದ್ದು... ಮುಂದೆ ಹಾಕೋದು ಬೇಡ ಅಂದಿದ್ದರೆ ಜುಲೈ ಹತ್ತಕ್ಕೇ ಆಗಿಹೋಗುತ್ತಿತ್ತು...

ಶುಕ್ರವಾರ ಸಂಜೆ ಅವಳು ದೊಡ್ಡಮುನಿಯಮ್ಮನ ಜಗಲಿಯ ಮೇಲೆ ಕೂತು ಬೇಡಿಕೊಂಡಳು.

“ದೊಡ್ಡಮ್ಮ, ಒಂದೇ ಒಂದು ಗಂಟೆ ಧನೂನ ಕರೆಸಿ. ಫೋಟೋ ತೆಗೆದು ವಾಪಸ್ ಕಳಿಸ್ಬಿಡೋಣ.”

“ಆಗಲ್ಲ ಕಣಮ್ಮ. ಆಷಾಢದಾಗೆ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರ್ದು. ನಮ್ಮತ್ತೆ ಕಾಲದಿಂದ್ಲೂ ನಡೆಸ್ಕೊಂಡು ಬಂದಿದ್ದು. ಮೊದಲೇ ಆ ಮಗೀಗೆ ಎದೆ ಸರಿಯಿಲ್ಲ, ಇನ್ನೊಂದು ಕೇಡು ಯಾಕೆ ಮೈಮೇಲೆ ಎಳ್ಕೊಳ್ಳೋದು?”

“ಸ್ಟುಡಿಯೋಗೆ ಹೋಗೋಣ.”

“ಅದಕ್ಕೂ ಹೊಸಿಲಿಲ್ವಾ?” ಮುದುಕಿಯ ಕಣ್ಣು ತುಂಬಿತು. ಮರುಕ್ಷಣ ಸಿಟ್ಟು ಬಂತು. “ಅಲ್ಲ ಪದ್ಮಾ, ಆ ಸರ್ಕಾರದೋರ ಗೋಡೆ ಮೇಲೆ ಕ್ಯಾಲೆಂಡರಿಲ್ವಾ? ಅವ್ರ ಮನೆ ಹೆಣ್ಮಕ್ಳು ತವರಿಗೆ ಬರಲ್ವಾ? ನಾವೇನು ಬೇರೆ ದೇಸದಾಗಿದ್ದೀವಾ?”

ಮುದುಕಿಯ ನಂಬಿಕೆಯ ಮೇಲೆ ಪದ್ಮಶ್ರೀಗೆ ಸಿಟ್ಟು ಬರಲಿಲ್ಲ. ಇಡೀ ಊರಿನ ನಂಬಿಕೆ ಗೊತ್ತಿದ್ದೂ, ಒಂದು ಸಾಲು ಬರೆದು ಕ್ಯಾಂಪನ್ನು ಇಪ್ಪತ್ತೈದು ದಿನ ಮುಂದೆ ಹಾಕಲಾರದವರ ಮೇಲೆ ಬಂತು. ಆ ದುಂಡನೆಯ ಸಹಿಯ ಮೇಲೆ ಬಂತು.

* * *

ಭಾನುವಾರ ಬೆಳಿಗ್ಗೆ ಆ ಸಹಿಯೇ ಸ್ಕೂಟರ್ ಏರಿ ಹಳೇ ಊರಿಗೆ ಬಂತು!

ಅವಳು ಬೀದಿ ನಲ್ಲಿಯ ಹತ್ತಿರ ಹೆಂಗಸರ ಜೊತೆ ಮಾತಾಡುತ್ತ ನಿಂತಿದ್ದಳು. ಶ್ರೀಹರಿ ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ಒಂದು ದಪ್ಪ ಕಡತ ಹಿಡಿದು ಎದುರು ನಿಂತ.

“ಇನ್ನೂ ಯಾರದಾದ್ರೂ ಹೆಸರು ಉಳಿದಿದ್ಯಾ ಹೊಡೆಯೋಕೆ?” ಎಂದಳು.

“ರೂಲ್ ಬುಕ್ ಪೂರ್ತಿ ಓದಿದೆ ಮೇಡಂ. ಎರಡು ದಿನ ಹಿಡೀತು. ಫೋಟೋ ಮನೆ ಒಳಗೇ ತೆಗೀಬೇಕು ಅಂತ ಎಲ್ಲೂ ಬರೆದಿಲ್ಲ. ಮುಖ ಕಾಣಬೇಕು, ಅಷ್ಟೇ.”

“ಅದಕ್ಕೆ?”

ಅವನು ಸ್ವಲ್ಪ ನಾಚಿದ. “ನಮ್ಮಮ್ಮನ್ನ ಕೇಳಿದೆ. ಆಷಾಢದಲ್ಲಿ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಬಾರದಾ ಅಂತ. ನೋಡಬಹುದು, ಒಂದೇ ಹೊಸಿಲು ದಾಟಬಾರದು ಅಷ್ಟೇ ಅಂದ್ರು. ಹಾಗಾದ್ರೆ... ಹೊಸಿಲೇ ಇಲ್ಲದ ಜಾಗದಲ್ಲಿ ತೆಗೆದ್ರೆ?”

ಕೊಡ ತುಂಬಿ ಚೆಲ್ಲುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ.

“ಎಲ್ಲೈತಪ್ಪ ಅಂಥ ಜಾಗ?” ಹೆಂಗಸರ ಗುಂಪಿನಲ್ಲಿದ್ದ ದೊಡ್ಡಮುನಿಯಮ್ಮ ಕೇಳಿದಳು.

“ತೂಗು ಸೇತುವೆ ಕೆಳಗೆ ಅಜ್ಜಿ. ಮೇಲೆ ಸೂರಿದ್ದ ಹಾಗೂ ಆಯ್ತು, ಕೆಳಗೆ ಹೊಸಿಲೂ ಇಲ್ಲ. ಹೊಸಕೋಟೆ ಬಸ್ಸು, ವರ್ತೂರು ಬಸ್ಸು ಎಲ್ಲ ಆ ಕಡೆಯೇ ಬರೋದು. ಹುಡುಗೀರು ಇಳಿದ ಕಡೆಯೇ ಫೋಟೋ.”

ದೊಡ್ಡಮುನಿಯಮ್ಮ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಪದ್ಮಶ್ರೀಯ ಕಡೆ ತಿರುಗಿ, “ಇವನೇನಾ ನೀನು ದಿನಾ ಬಯ್ಯೋನು?” ಎಂದಳು.

ಪದ್ಮಶ್ರೀ ಮುಖ ತಿರುಗಿಸಿದಳು. ಅವನು ಮಾತ್ರ ನಕ್ಕ. ಆ ನಗು ಸಹಿಯಷ್ಟು ಅಚ್ಚುಕಟ್ಟಾಗಿರಲಿಲ್ಲ. ಒಂದು ಕಡೆ ಸೊಟ್ಟಗಿತ್ತು.

* * *

ಜುಲೈ ಇಪ್ಪತ್ತಮೂರು, ಭಾನುವಾರ. ಕೆ.ಆರ್. ಪುರದ ತೂಗು ಸೇತುವೆಯ ಕೆಳಗೆ ಅಂಥ ಜಾತ್ರೆ ಹಿಂದೆಂದೂ ಸೇರಿರಲಿಲ್ಲ.

ಒಂದು ಕಡೆ ಇಪ್ಪತ್ತೇಳು ಅತ್ತೆಯರು. ಇನ್ನೊಂದು ಕಡೆ ಬಸ್ಸಿನಿಂದ ಇಳಿಯುತ್ತಿದ್ದ ಸೊಸೆಯಂದಿರು. ನಡುವೆ ಇಸ್ತ್ರಿ ಶರ್ಟು ಹಾಕಿಕೊಂಡು, ಕಾಯುತ್ತಿದ್ದದ್ದು ಯಾರಿಗೂ ಗೊತ್ತಾಗಬಾರದೆಂದು ಆಕಾಶ ನೋಡುತ್ತಿದ್ದ ಗಂಡಂದಿರು. ಮೂರೂವರೆ ವಾರದಿಂದ ಹೆಂಡತಿಯ ಮುಖ ಕಾಣದ ಆ ಹುಡುಗರಿಗೆ ವಿಮೆಯ ಮೇಲೆ ಅಷ್ಟು ಪ್ರೀತಿ ಅದಕ್ಕೂ ಮುಂಚೆ ಎಂದೂ ಬಂದಿರಲಿಲ್ಲ.

ಧನಲಕ್ಷ್ಮಿ ಬಸ್ಸಿನಿಂದ ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ನಿಂತುಬಿಟ್ಟಳು. ಎದೆ ಏರಿಳಿಯುತ್ತಿತ್ತು. ಪ್ರೇಮ್‌ಕುಮಾರ್ ಓಡಿಹೋಗಿ ಅವಳ ಕೈ ಹಿಡಿದ. ಅತ್ತೆಯ ಮುಂದೆ ಕೈ ಹಿಡಿದದ್ದಕ್ಕೆ ಹುಡುಗಿ ಕೆಂಪಾದಳು. ದೊಡ್ಡಮುನಿಯಮ್ಮ ನೋಡಿಯೂ ನೋಡದವಳಂತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶ್ರೀಹರಿಯ ಕಣ್ಣು ಆ ಹುಡುಗಿಯ ತುಟಿಯ ಮೇಲೆ ನಿಂತಿತು. ಅದು ನೀಲಿಗಟ್ಟಿತ್ತು.

“ಇವರೇನಾ... ನೀವು ಅವತ್ತು ಹೇಳಿದ ಆ ಜೀವ?” ಎಂದು ಕೇಳಿದ.

“ಹೌದು. ನಿಮ್ಮ ಹದಿನಾರನೇ ಗೆರೆ.”

ಅವನು ಜೇಬಿನ ಕೆಂಪು ಪೆನ್ನು ತೆಗೆದು ಪಕ್ಕದ ಕಸದ ರಾಶಿಗೆ ಎಸೆದ. ಅಷ್ಟೇ. ಅದನ್ನು ಯಾರಾದರೂ ನೋಡಲಿ ಎಂದೂ ಅವನು ತಿರುಗಲಿಲ್ಲ.

ಪದ್ಮಶ್ರೀ ನೋಡಿದಳು. ಅವಳೊಳಗೆ ಏನೋ ಸಣ್ಣಗೆ ಕದಲಿತು.

ಆಮೇಲೆ ಬಿಸಿಲೇರುವ ತನಕ ಇಬ್ಬರೂ ಒಂದೇ ಹಲಗೆಯ ಮೇಲೆ ಫಾರಂ ಬರೆದರು. ಅವಳು ಹೆಸರು ಹೇಳುತ್ತಿದ್ದಳು, ಅವನು ಬರೆಯುತ್ತಿದ್ದ. ಅವಳ ದನಿ ಒಡೆದಾಗ ಕೇಳದೆಯೇ ನೀರಿನ ಬಾಟಲಿ ಮುಂದೆ ಸರಿಸಿದ. ಸ್ಟುಡಿಯೋದ ಮುನಿಶಾಮಿ ಕ್ಯಾಮೆರಾ ಹಿಡಿದು, ಒಂದೊಂದೇ ಮನೆಯವರನ್ನು ಸೇತುವೆಯ ಕಂಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದ. ಇಪ್ಪತ್ತೇಳೂ ಮುಗಿದಾಗ ಅವನು ತಲೆ ಎತ್ತದೆ ಕೂಗಿದ.

“ಮುಂದಿನ ಫ್ಯಾಮಿಲಿ ಬನ್ರಪ್ಪ. ನೀವಿಬ್ರೂ, ಹತ್ರ ಹತ್ರ ನಿಂತ್ಕೊಳ್ಳಿ. ಸಾರ್, ಆ ಫೈಲು ಕೆಳಗಿಡಿ.”

“ನಾವು ಫ್ಯಾಮಿಲಿ ಅಲ್ಲ,” ಎಂದಳು ಪದ್ಮಶ್ರೀ ಗಾಬರಿಯಾಗಿ.

ಅಷ್ಟರಲ್ಲಿ ಕ್ಲಿಕ್ ಆಗಿಹೋಗಿತ್ತು. ಸೊಸೆಯಂದಿರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಆ ರಾತ್ರಿ ಅವಳಿಗೆ ಬೇಗ ನಿದ್ದೆ ಬರಲಿಲ್ಲ. ಸಹಿಯನ್ನು ದ್ವೇಷಿಸುವುದು ಎಷ್ಟು ಸುಲಭವಾಗಿತ್ತು... ಈಗ ಆ ಸೊಟ್ಟ ನಗುವನ್ನು ಏನು ಮಾಡಲಿ?

* * *

ಐದು ದಿನಗಳ ಮೇಲೆ, ಶುಕ್ರವಾರ, ಇಪ್ಪತ್ತೆಂಟರಂದು ಸಂಘಕ್ಕೆ ಒಂದು ಕಟ್ಟು ವಾಪಸ್ ಬಂತು. ಇಪ್ಪತ್ತೇಳು ಫಾರಂಗಳು. ಪ್ರತಿಯೊಂದರ ಮೇಲೂ ‘ಫೋಟೋ ಕ್ಯಾಂಪಿನ ಸ್ಥಳದಲ್ಲಿ ತೆಗೆದದ್ದಲ್ಲ, ತಿರಸ್ಕೃತ’ ಎಂದು ಬರೆದಿತ್ತು. ಕೆಳಗೆ ಇಪ್ಪತ್ತೇಳನೇ ತಾರೀಕು. ಅದರ ಕೆಳಗೆ ಅದೇ ದುಂಡನೆಯ ಸಹಿ.

ಪದ್ಮಶ್ರೀಗೆ ಮೊದಲು ಅರ್ಥವಾಗಲಿಲ್ಲ. ಎರಡನೇ ಫಾರಂ ತಿರುಗಿಸಿದಳು. ಹದಿನಾರನೆಯದನ್ನು ನೋಡಿದಳು.

ನಂಬಿದ್ದೆನಲ್ಲ... ಕೆಂಪು ಪೆನ್ನು ಎಸೆದು ಇನ್ನೊಂದು ಪೆನ್ನಿನಿಂದ ಕೊಂದನಲ್ಲ!

ಅವನು ಈಗ ಶಿವಾಜಿನಗರದ ಆಫೀಸಿನಲ್ಲಿದ್ದಾನೆ ಎಂದು ಫೋನಿನಲ್ಲಿ ಯಾರೋ ಹೇಳಿದರು. ಯಾಕೆ, ಎಂದಿನಿಂದ ಎಂದು ಕೇಳುವ ತಾಳ್ಮೆ ಅವಳಿಗಿರಲಿಲ್ಲ. ಆಟೋ ಹಿಡಿದಳು. ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ, ಹಣ್ಣಿನ ಗಾಡಿಗಳ ಸಾಲಿನಲ್ಲೇ ಅವನು ಎದುರಾದ. ಶರ್ಟಿನ ತುಂಬ ಧೂಳು. ಗಡ್ಡ ಬಂದಿತ್ತು. ಅವಳನ್ನು ಕಂಡು ಅವನ ಮುಖ ಅರಳಿತು.

“ಪದ್ಮಶ್ರೀ ಅವರೇ, ನಾನೇ ಬರೋಣ ಅಂತಿದ್ದೆ...”

“ಬಂದು ಏನು ಮಾಡ್ತಿದ್ರಿ? ಇನ್ನೊಂದು ಸಹಿ ಹಾಕ್ತಿದ್ರಾ?” ಅವಳು ಕಟ್ಟನ್ನು ಅವನ ಎದೆಗೆ ಒತ್ತಿದಳು. “ಆ ಹುಡುಗಿ ತುಟಿ ನೋಡಿದ್ರಲ್ಲ ನೀವು. ಕಣ್ಣಾರೆ ನೋಡಿದ್ರಲ್ಲ. ನೋಡದೆ ಮಾಡಿದ್ರೆ ತಪ್ಪು ಅಂತಿದ್ದೆ. ನೋಡಿದ ಮೇಲೂ ಮಾಡಿದ್ದಕ್ಕೆ ಏನಂತಾರೆ ನೀವೇ ಹೇಳಿ.”

ಅವನು ಮೇಲಿನ ಫಾರಂ ನೋಡಿದ. ಸಹಿಯನ್ನು ನೋಡಿದ. ಅವನ ಮುಖದಿಂದ ರಕ್ತ ಇಳಿದುಹೋಯಿತು.

“ಹೇಳಿ. ಇದು ನಿಮ್ಮ ಸಹಿ ಹೌದೋ ಅಲ್ವೋ?”

“ಮೊದಲನೇ ಗೆರೆ ನಾನೇ ಎಳೆದಿದ್ದು,” ಎಂದ ಶ್ರೀಹರಿ ನಿಧಾನವಾಗಿ. “ಅದಿಲ್ದೆ ಇದ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ನೀವು ಬೈಯೋದು ಸರಿಯಾಗೇ ಇದೆ. ಈ ಕಟ್ಟು ನನ್ನ ಹತ್ರ ಇರ್ಲಿ. ಕಾರ್ಡಿನ ವರ್ಷ ಮುಗಿಯೋಕೆ ಮೂವತ್ತೊಂದರ ತನಕ ಟೈಮ್ ಇದೆ.”

“ನಿಮ್ಮ ಟೈಮು ನೀವೇ ಇಟ್ಕೊಳ್ಳಿ. ನನ್ನ ಕಣ್ಣಿಗೆ ಮಾತ್ರ ಇನ್ನು ಬೀಳಬೇಡಿ.”

ಗಾಡಿಯವರೆಲ್ಲ ನೋಡುತ್ತಿದ್ದರು. ಅವಳು ಒಂದೇ ಒಂದು ಫಾರಂ ಕಿತ್ತುಕೊಂಡು, ಹದಿನಾರನೆಯದನ್ನು, ತಿರುಗಿ ನಡೆದಳು. ಅಳುವುದನ್ನು ಅವನು ನೋಡಬಾರದೆಂದು ಬೇಗಬೇಗ ನಡೆದಳು.

* * *

ಜುಲೈ ಮೂವತ್ತೊಂದು, ಸೋಮವಾರ. ಕಾರ್ಡುಗಳ ಕೊನೆಯ ದಿನ.

ಬೆಳಿಗ್ಗೆ ಹನ್ನೊಂದಕ್ಕೆ ಪ್ರೇಮ್‌ಕುಮಾರನ ಗೂಡ್ಸ್ ಆಟೋ, ಅದರ ಹಿಂದೆ ಇನ್ನೂ ಎರಡು ಗೂಡ್ಸ್ ಆಟೋ ಇಂದಿರಾನಗರದ ಬಂಗಲೆಯ ಮುಂದೆ ನಿಂತವು. ಇಪ್ಪತ್ತೇಳು ಅತ್ತೆಯರು ಇಳಿದರು. ಮುಂದೆ ದೊಡ್ಡಮುನಿಯಮ್ಮ, ಪಕ್ಕದಲ್ಲಿ ಪದ್ಮಶ್ರೀ.

ಮ್ಯಾನೇಜರ್ ಶ್ರೀನಾಥ್ ತಮ್ಮ ಕೋಣೆಯಿಂದ ಹೊರಗೆ ಬಂದರು. ಹಣೆಯಲ್ಲಿ ಉದ್ದನೆಯ ಕುಂಕುಮ.

“ಫೋಟೋ ಕೊಡೋ ಡೇಟ್ ಮುಗಿದಿದೆಯಮ್ಮ. ಮುಂದಿನ ಜುಲೈಗೆ ಬನ್ನಿ.”

“ಮುಂದಿನ ಜುಲೈ ತನಕ ನನ್ನ ಸೊಸೆ ಎದೆ ಕಾಯ್ತದಾ ಸಾಮಿ?” ದೊಡ್ಡಮುನಿಯಮ್ಮ ಕೇಳಿದಳು.

“ಅದಕ್ಕೆ ನಾನೇನು ಮಾಡ್ಲಿ? ಆಷಾಢ ಗೀಷಾಢ ಎಲ್ಲ ಆಫೀಸಿಗೆ ಸಂಬಂಧಪಟ್ಟಿದ್ದಲ್ಲ. ಇಲ್ಲಿ ಮೂಢನಂಬಿಕೆಗೆಲ್ಲ ಬೆಲೆ ಇಲ್ಲ.”

ದೊಡ್ಡಮುನಿಯಮ್ಮ ಬಾಗಿಲಿನ ನಿಂಬೆಹಣ್ಣು ನೋಡಿದಳು. ಹೊಸಿಲಿನ ಅರಿಶಿನ ನೋಡಿದಳು. ಆಮೇಲೆ ಏನೂ ಮಾತಾಡದೆ, ಸೀರೆ ಸರಿಮಾಡಿಕೊಂಡು, ಹೊಸಿಲಿನ ನಟ್ಟನಡುವೆ ಕೂತುಬಿಟ್ಟಳು. ಅವಳ ಪಕ್ಕ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ಬಾಗಿಲು ತುಂಬಿಹೋಯಿತು.

“ಏಳಮ್ಮ. ಹೊಸಿಲ ಮೇಲೆ ಕೂರ್ತಾರಾ? ದರಿದ್ರ,” ಎಂದರು ಶ್ರೀನಾಥ್ ಕಂಗಾಲಾಗಿ.

“ಆಫೀಸಿನಾಗೆ ಅದಕ್ಕೆಲ್ಲ ಬೆಲೆ ಇಲ್ಲ ಅಂದ್ರಲ್ಲ. ದಾಟ್ಕೊಂಡು ಹೋಗಿ ಸಾಮಿ.”

ಹೆಂಗಸರನ್ನು ದಾಟಿ ಹೊಸಿಲು ತುಳಿಯುವ ಧೈರ್ಯ ಆ ದೈವಭಕ್ತರಿಗೆ ಇರಲಿಲ್ಲ. ಊಟದ ಹೊತ್ತಾಯಿತು. ಅವರು ಒಳಗೇ ಶತಪಥ ತಿರುಗಿದರು. ಕೊನೆಗೆ ಒಳಗೆ ಕೌಂಟರಿನ ಹತ್ತಿರ ನಿಂತಿದ್ದ ಪದ್ಮಶ್ರೀಯ ಮೇಲೆ ಎರಗಿದರು.

“ಇದೆಲ್ಲ ನಿನ್ನ ಕಿತಾಪತಿ. ನೀನು, ಆ ಶ್ರೀಹರಿ, ಇಬ್ಬರೂ ಸೇರಿ ನನ್ನ ತಲೆ ತಿಂದಿದ್ದೀರಾ.”

“ಅವರ ಹೆಸರು ಎತ್ತಬೇಡಿ. ತಿರಸ್ಕೃತ ಅಂತ ಸಹಿ ಹಾಕಿದ್ದೇ ಅವರು,” ಎಂದು ಅವಳು ಹದಿನಾರನೇ ಫಾರಂ ಮುಂದೆ ಹಿಡಿದಳು. “ಇಲ್ಲಿದೆ ನೋಡಿ.”

“ಅವನೆಲ್ಲಿ ಹಾಕ್ತಾನೆ? ಇಪ್ಪತ್ತೇಳು ಜನದ ಪರವಾಗಿ ಹೆಡ್ ಆಫೀಸಿಗೆ ನೋಟ್ ಬರೆದ ಮಹಾನುಭಾವ. ಅದಕ್ಕೇ ಹೋದ ಸೋಮವಾರ ಸಂಜೆನೇ ಅವನನ್ನ ಶಿವಾಜಿನಗರದ ಗೋಡೌನಿಗೆ ಎತ್ತಿ ಹಾಕಿದೆ, ಹಳೇ ಕಡತ ಜೋಡಿಸ್ಕೊಂಡಿರ್ಲಿ ಅಂತ.”

ಪದ್ಮಶ್ರೀ ಫಾರಂ ತಿರುಗಿಸಿ ತಾರೀಕು ನೋಡಿದಳು. “ಸೋಮವಾರ ಅಂದ್ರೆ ಇಪ್ಪತ್ತನಾಲ್ಕು. ಈ ಸಹಿ ಇಪ್ಪತ್ತೇಳರದು.”

ಶ್ರೀನಾಥ್ ತಮ್ಮ ನಾಲಿಗೆ ಕಚ್ಚಿಕೊಂಡರು. ಅವಳ ಕಣ್ಣು ಅವರ ಹಿಂದಿನ ಮೇಜಿನ ಮೇಲೆ ಹೋಯಿತು. ಅಲ್ಲಿ ಇಂಕ್ ಪ್ಯಾಡಿನ ಪಕ್ಕ ಒಂದು ಪುಟ್ಟ ರಬ್ಬರ್ ಸೀಲಿತ್ತು. ಅವಳು ಹೋಗಿ ಅದನ್ನೆತ್ತಿ ತನ್ನ ಅಂಗೈಗೆ ಒತ್ತಿಕೊಂಡಳು. ದುಂಡನೆಯ ಸಹಿ ಅಂಗೈಯಲ್ಲಿ ಮೂಡಿತು. ಶ್ರೀಹರಿ.

ಮೊದಲನೇ ಗೆರೆ ನಾನೇ ಎಳೆದಿದ್ದು... ಅಷ್ಟೇ ಹೇಳಿದ್ದನಲ್ಲ. ತಾನು ಮಾಡದ ತಪ್ಪಿಗೂ ಬೀದಿಯಲ್ಲಿ ತಲೆಬಾಗಿ ನಿಂತಿದ್ದನಲ್ಲ! ನಾನು ಎಂಥ ಮಾತಾಡಿಬಿಟ್ಟೆ...

“ಇಲ್ಲದೋನ ಸಹಿ ಒತ್ತಿ ಇಪ್ಪತ್ತೇಳು ಜನರ ಔಷಧಿ ಕಿತ್ಕೊಂಡ್ರಾ ಸಾರ್?” ಅವಳ ದನಿ ಏರಲಿಲ್ಲ. ಇಳಿದಿತ್ತು. ಅದಕ್ಕೇ ಎಲ್ಲರಿಗೂ ಕೇಳಿಸಿತು. “ಅವರ ಹೆಸರನ್ನ ಕೈಯಾರೆ ಬರೆಯೋಕೂ ನಿಮಗೆ ಬೇಸರವಾಯ್ತಾ? ಒಂದೊಂದು ಹೆಸರನ್ನ ಓದೋದಾದ್ರೂ ಓದಿದ್ರಾ?”

ಕೌಂಟರಿನವರೆಲ್ಲ ಕೆಲಸ ಬಿಟ್ಟು ಶ್ರೀನಾಥರನ್ನೇ ನೋಡುತ್ತಿದ್ದರು.

ಮೂರೂಕಾಲಿಗೆ ಗೇಟಿನಲ್ಲಿ ಸ್ಕೂಟರ್ ನಿಂತಿತು. ಶ್ರೀಹರಿ ಇಳಿದು ಓಡಿಬಂದ. ಒಂದು ಕೈಯಲ್ಲಿ ಫಾರಂಗಳ ಕಟ್ಟು, ಇನ್ನೊಂದರಲ್ಲಿ ಹೆಡ್ ಆಫೀಸಿನ ಪತ್ರ. ಶನಿವಾರ ಇಡೀ ದಿನ, ಸೋಮವಾರ ಅರ್ಧ ದಿನ ಅವನು ಅಲ್ಲಿನ ಬೆಂಚಿನ ಮೇಲೆ ಕೂತು ಆ ಪತ್ರ ತಂದಿದ್ದ. ಹೊಸಿಲ ಮುಂದೆ ಬಂದು ತಟಕ್ಕನೆ ನಿಂತ.

“ಅಜ್ಜಿ, ದಾರಿ ಕೊಡ್ತೀರಾ?”

ದೊಡ್ಡಮುನಿಯಮ್ಮ ಪದ್ಮಶ್ರೀಯ ಮುಖ ನೋಡಿದಳು. ಪದ್ಮಶ್ರೀ ತಲೆಯಾಡಿಸಿದಳು. ಮುದುಕಿ ಎದ್ದು, ಅವನ ಕೈ ಹಿಡಿದು ಒಳಗೆ ಕರೆದುಕೊಂಡಳು.

ಪತ್ರದಲ್ಲಿ ನಾಲ್ಕೇ ಸಾಲಿತ್ತು. ಫೋಟೋ ಎಲ್ಲೇ ತೆಗೆದಿದ್ದರೂ ಮುಖಗಳು ಕಂಡರೆ ಸಾಕು, ಇಂದೇ ನವೀಕರಿಸಿ ಎಂದು. ಶ್ರೀನಾಥ್ ಅದನ್ನು ಎರಡು ಸಲ ಓದಿ, ಕುರ್ಚಿಯಲ್ಲಿ ಕುಸಿದು, ಕೈಯಾಡಿಸಿದರು.

ಶ್ರೀಹರಿ ಕೌಂಟರಿಗೆ ಕೂತು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿ, ಕೈಯಾರೆ ಬರೆದು, ಸಹಿ ಮಾಡಿದ. ಹದಿನಾರನೇ ಫಾರಂ ಅವನ ಹತ್ತಿರ ಇರಲಿಲ್ಲ. ಅದು ಪದ್ಮಶ್ರೀಯ ಕೈಯಲ್ಲಿತ್ತು. ಅದನ್ನು ಕೊಡುವಾಗ ಅವಳ ಅಂಗೈ ತೆರೆಯಿತು. ಶಾಯಿಯಲ್ಲಿ ಮೂಡಿದ ತನ್ನ ಹೆಸರನ್ನು ಅವನು ಅಲ್ಲಿ ನೋಡಿದ.

“ಕ್ಷಮಿಸಿ...” ಎಂದಳು ಅವಳು.

“ಮೊದಲು ಧನಲಕ್ಷ್ಮಿ ಅವರದು ಬರೆಯೋಣ,” ಎಂದ ಅವನು. “ನಮ್ಮ ವಿಷಯ ಆಮೇಲೆ.”

* * *

ಆಗಸ್ಟ್ ಒಂಬತ್ತು, ಬುಧವಾರ. ಆಪರೇಷನ್ ಥಿಯೇಟರಿನ ಕೆಂಪು ದೀಪ ಆರಿದಾಗ ಮಧ್ಯಾಹ್ನ ಎರಡಾಗಿತ್ತು. ಎಲ್ಲ ಸರಿಹೋಯಿತು ಎಂದು ಡಾಕ್ಟರು ಹೇಳಿದ ಕೂಡಲೇ ಪ್ರೇಮ್‌ಕುಮಾರ್ ಗೋಡೆಗೆ ಹಣೆ ಒತ್ತಿ ಅತ್ತ. ದೊಡ್ಡಮುನಿಯಮ್ಮ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ಪದ್ಮಶ್ರೀಯ ಹಣೆಗಿಟ್ಟು, ಆಮೇಲೆ ಡಾಕ್ಟರ ಹಣೆಗೂ ಇಡಲು ಹೋದಳು.

ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ಶ್ರೀಹರಿ ಒಬ್ಬನೇ ನಿಂತಿದ್ದ. ಪದ್ಮಶ್ರೀ ಹೋಗಿ ಪಕ್ಕದಲ್ಲಿ ನಿಂತಳು.

“ಅವತ್ತು ಬಸ್ ಸ್ಟ್ಯಾಂಡಲ್ಲಿ ನಿಜ ಹೇಳಬಹುದಿತ್ತಲ್ಲ. ಯಾಕೆ ಸುಮ್ಮನಿದ್ರಿ?”

“ಹೇಳಿದ್ರೆ ನೀವು ಬೈಯೋದು ನಿಲ್ಲಿಸ್ತಿದ್ರಿ. ಆಗ ನನಗೂ ನಾನು ಒಳ್ಳೆಯವನು ಅನಿಸಿಬಿಡ್ತಿತ್ತು. ಹೆಡ್ ಆಫೀಸಿನ ಬೆಂಚಿನ ಮೇಲೆ ಅಷ್ಟು ಹೊತ್ತು ಕೂರೋಕೆ ನಿಮ್ಮ ಬೈಗುಳಾನೇ ಬೇಕಾಗಿತ್ತು.”

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅವನು ಜೇಬಿನಿಂದ ಒಂದು ಲಕೋಟೆ ತೆಗೆದ. ಮುನಿಶಾಮಿ ಕೊಟ್ಟಿದ್ದ ಇಪ್ಪತ್ತೆಂಟನೇ ಫೋಟೋ. ಸೇತುವೆಯ ಕಂಬ, ಫೈಲು ಹಿಡಿದು ಸೊಟ್ಟಗೆ ನಗುತ್ತಿರುವ ಅವನು, ಗಾಬರಿಯಲ್ಲಿ ಬಾಯಿ ತೆರೆದಿರುವ ಅವಳು.

“ಇದಕ್ಕೆ ಫಾರಂ ಇಲ್ಲ,” ಎಂದ. “ಅಮ್ಮನಿಗೆ ತೋರಿಸಿದೆ. ಹುಡುಗಿಗೆ ಸಿಟ್ಟು ಜಾಸ್ತಿ ಇದ್ದ ಹಾಗಿದೆ ಅಂದ್ರು. ಹೌದು ಅಂದೆ. ಒಳ್ಳೇದಾಯ್ತು, ನಿನಗೆ ಅದೇ ಕಮ್ಮಿ ಇದ್ದದ್ದು ಅಂದ್ರು.” ಅವನು ಉಸಿರು ಎಳೆದುಕೊಂಡ. “ಪದ್ಮಾ... ನಿಮ್ಮ ಮನೆಗೆ ಬಂದು ಕೇಳಲಾ?”

ಅವಳು ಫೋಟೋವನ್ನು ತುಂಬ ಹೊತ್ತು ನೋಡಿದಳು.

“ಮದುವೆಯಾದ ವರ್ಷ ಆಷಾಢಕ್ಕೆ ನಾನೂ ತವರಿಗೆ ಹೋಗ್ಬೇಕಾಗತ್ತೆ. ನಮ್ಮ ಕಡೆ ಬಿಡಲ್ಲ.”

“ಗೊತ್ತು.”

“ಆಗ ಗೈರುಹಾಜರು ಅಂತ ಗೆರೆ ಎಳೀತೀರಾ?”

“ಇಲ್ಲ,” ಎಂದ ಶ್ರೀಹರಿ. “ಪ್ರತಿ ಭಾನುವಾರ ತೂಗು ಸೇತುವೆ ಕೆಳಗೆ ಬಂದು ಕಾಯ್ತಿರ್ತೀನಿ.”